ಗಣಿ ನಿಂತರೂ ಬತ್ತದ ಖಜಾನೆ!

ಕರಗಿದ ಬೀಡುಕಬ್ಬಿಣದಿಂದ ಒಂದು ಸೌಟು ಎತ್ತಿ, ಬೆರಳುದ್ದದ ಬೆಣೆ ಎರಕ ಹೊಯ್ದು, ನೀರಿಗದ್ದಿ, ಸುತ್ತಿಗೆಯಿಂದ ಫಟ್ಟನೆ ಮುರಿಯುತ್ತಾರೆ. ಮುರಿದ ಅಂಚಿನತ್ತ ಒಂದೇ ನೋಟ. ಬಿಳಿ ಹೆಚ್ಚಿದ್ದರೆ ಸಿಲಿಕಾನ್ ಸಾಲದು. ಬೂದು ಹರಡಿದ್ದರೆ ಹದ ಬಂದಿದೆ. ಕುಲುಮೆಯೊಳಗಿನ ಟನ್‌ಗಟ್ಟಲೆ ಲೋಹದ ಜಾತಕ ಪಳಗಿದ ಕಣ್ಣಿಗೆ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ! ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ಫೌಂಡ್ರಿಗಳಿವೆ. ಯಂತ್ರ ಸಾಲಕ್ಕೆ ಸಿಗುತ್ತದೆ. ಈ ಕಣ್ಣು ಯಾವ ಬ್ಯಾಂಕಿನಲ್ಲೂ ಸಿಗದು!

ಎಲ್ಲಿಂದ ಬಂತು ಈ ವಿದ್ಯೆ? 1923ಕ್ಕೆ ಹೋಗೋಣ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ಆದರೂ ಸರ್ ಎಂ. ವಿಶ್ವೇಶ್ವರಯ್ಯನವರ ಹಟದಿಂದ ಭದ್ರಾವತಿಯಲ್ಲಿ, ಭದ್ರಾ ನದಿಯ ದಂಡೆಯಲ್ಲಿ, ಊದುಕುಲುಮೆ ಹೊತ್ತಿಕೊಂಡಿತು! ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತೇಲುತ್ತ ಬೆಟ್ಟ ಇಳಿಯಿತು; ಮಲೆನಾಡಿನ ಮರ ಇದ್ದಿಲಾಯಿತು. ಹೊಗೆಯನ್ನೂ ಬಿಡಲಿಲ್ಲ, ಅದರಿಂದ ಮದ್ಯಸಾರ, ಟಾರು ಬಸಿದುಕೊಂಡರು! ಜೋಗದ ಕರೆಂಟು ಬಂದಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಯಲ್ಲೇ ಬೀಡು ಕರಗಿಸಿದರು. ಇಲ್ಲದ್ದನ್ನು ಬುದ್ಧಿಯಿಂದ ತುಂಬಿಕೊಳ್ಳುವುದನ್ನು ಊರಿಗೆ ಊರೇ ಕಲಿತಿತು.

ಆಮೇಲೆ ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು. 1936ರಲ್ಲಿ ಹುಟ್ಟಿದ ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರ ಆ ಕುಲುಮೆಯಿಂದ ಬೆಳೆದ ಉಕ್ಕಿನ ಕಾರ್ಖಾನೆ ವಿಐಎಸ್ಎಲ್‌ಗೆ ನೂರು ತುಂಬಿದ 2023ರಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ಬಳಿಕ ಬಾರ್ ಮಿಲ್ ಮತ್ತೆ ತಿರುಗಿತು. ನೆಲದ ಸಂಪತ್ತು ನೆಚ್ಚಿದವರ ಪಾಡು ಇಷ್ಟೇ ಎನ್ನಬೇಕೆ?

ತಡೆಯಿರಿ! ವಿಶ್ವಬ್ಯಾಂಕ್ 2006ರಲ್ಲಿ ದೇಶಗಳ ಸಂಪತ್ತನ್ನು ಲೆಕ್ಕ ಹಾಕಿದಾಗ ಜಗತ್ತಿನ ಐಶ್ವರ್ಯದ ಮುಕ್ಕಾಲು ಪಾಲಿಗೂ ಹೆಚ್ಚು ಕಂಡದ್ದು ಕಣ್ಣಿಗೆ ಕಾಣದ ಬಂಡವಾಳದಲ್ಲಿ: ಜನರ ಕೌಶಲ, ಪರಸ್ಪರ ನಂಬಿಕೆ, ಆಡಳಿತದ ಗುಣ. ತೈಲದ ಮೇಲೆ ಕೂತ ನೈಜೀರಿಯಾದಲ್ಲಿ ಈ ಅಂಕಿ ಸೊನ್ನೆಗಿಂತ ಕೆಳಗಿತ್ತು!

ಈ ಬಂಡವಾಳದ ಪವಾಡ ನೋಡಬೇಕೇ? ಕರಗಿದ ಬೀಡಿಗೆ ಮೆಗ್ನೀಸಿಯಂ ಸೇರಿಸಿ. ಸಾವಿರ ಕಿಲೋದಲ್ಲಿ ಅರ್ಧ ಕಿಲೋದಷ್ಟು ಉಳಿದರೂ ಸಾಕು, ಚಕ್ಕೆಚಕ್ಕೆಯಾಗಿ ನಿಲ್ಲಬೇಕಿದ್ದ ಗ್ರಾಫೈಟ್ ದುಂಡು ಕಾಳುಗಳಾಗುತ್ತದೆ; ಪಟ್ಟನೆ ಒಡೆಯುವ ಬೀಡು ಪೆಟ್ಟು ತಾಳಿ ಬಾಗುತ್ತದೆ! ಎರಕ ಹೊಯ್ಯುವುದು ಕೆಲವು ನಿಮಿಷ ತಡವಾದರೆ ಮೆಗ್ನೀಸಿಯಂ ಆವಿಯಾಗಿ ಎಲ್ಲ ವ್ಯರ್ಥ. ಅದಿರು ಮಾರುವವರಿಗೂ ವಾಹನದ ಬಿಡಿಭಾಗ ಮಾರುವವರಿಗೂ ಇರುವ ಅಂತರ ಆ ಸಮಯಜ್ಞಾನ.

ಈ ವಿದ್ಯೆ ಅದಿರಿನಂತೆ ತೆಗೆದಷ್ಟೂ ಸವೆಯುವುದಿಲ್ಲ, ಹೇಳಿಕೊಡದಿದ್ದರೆ ಮಾತ್ರ ಸತ್ತುಹೋಗುತ್ತದೆ. ವಿಐಎಸ್ಎಲ್‌ನ ನಿವೃತ್ತ ಕುಶಲಕರ್ಮಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಶಿವಮೊಗ್ಗದ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳು ಅವರನ್ನು ಈ ವರ್ಷವೇ ತರಗತಿಗೆ ಕರೆತರಲಿ.