ಹಿಮಪಾದುಕೆ ಕೈಕೊಟ್ಟಾಗ

ಕೆನಡಾದ ಕಾಡುಗಳಲ್ಲಿ ಹೊಸದಾಗಿ ಬಿದ್ದ ಹಿಮ ನೋಡಲು ಹಿಂಜಿದ ಹತ್ತಿಯ ರಾಶಿ. ಬರಿಯ ಬೂಟಿನಲ್ಲಿ ಕಾಲಿಟ್ಟವನು ತೊಡೆಯವರೆಗೆ ಹೂತುಹೋಗುತ್ತಾನೆ. ಒಂದು ಘನ ಮೀಟರ್ ನೀರು 1000 ಕಿಲೋ ತೂಗಿದರೆ ಅಷ್ಟೇ ಗಾತ್ರದ ಹೊಸ ಹಿಮ ಸುಮಾರು 100 ಕಿಲೋ. ಕೆಲವೊಮ್ಮೆ ಅದರ ಅರ್ಧ. ಉಳಿದದ್ದೆಲ್ಲ ಗಾಳಿ!

ಇದಕ್ಕೆ ಅಲ್ಲಿನ ಮೂಲನಿವಾಸಿಗಳು ಕಂಡುಕೊಂಡ ಉಪಾಯವೇ ಹಿಮಪಾದುಕೆ, ಅಂದರೆ ಸ್ನೋಷೂ. ಬಾಗಿಸಿದ ಮರದ ಚೌಕಟ್ಟು, ನಡುವೆ ತೊಗಲಿನ ಪಟ್ಟಿಗಳ ಹೆಣಿಗೆ. ಬೂಟಿನ ಅಡಿಭಾಗ 250 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸ್ನೋಷೂ ಅದನ್ನು 1000ಕ್ಕೆ ಏರಿಸಿದರೆ ಭಾರ ಅಷ್ಟೇ ಇದ್ದರೂ ಒತ್ತಡ ಕಾಲುಭಾಗಕ್ಕೆ ಇಳಿಯಿತು. ಆಗಲೂ ಒಂದು ಗೇಣು ಇಳಿಯುವುದುಂಟು, ಆದರೆ ನಡೆಯಬಹುದು.

ಈಗ ಮರ, ತೊಗಲುಗಳ ಜಾಗಕ್ಕೆ ಅಲ್ಯುಮಿನಿಯಂ, ಪ್ಲಾಸ್ಟಿಕ್ ಬಂದಿವೆ. ತೊಂದರೆಗಳು ತಪ್ಪಿಲ್ಲ. ಬೂಟನ್ನು ಬಿಗಿಹಿಡಿಯುವ ಪಟ್ಟಿ ಕೊರೆಯುವ ಚಳಿಯಲ್ಲಿ ಪೆಡಸಾಗಿ ತುಂಡಾಗುತ್ತದೆ. ಹೊಸಬ ನಿಂತಲ್ಲೇ ಸ್ನೋಷೂ ಬಿಚ್ಚುತ್ತಾನೆ. ಆ ಕಾಲು ಸರ್ರನೆ ಕೆಳಗಿಳಿಯುತ್ತದೆ. ಮೇಲೇಳಲು ಒದ್ದಾಡಿ ಬೆವರುತ್ತಾನೆ. ಬೆವರಿಗೆ ಒದ್ದೆಯಾದ ಬಟ್ಟೆ ಮೈಯ ಶಾಖವನ್ನು ಬಲುಬೇಗ ಕಳೆಯುತ್ತದೆ. ಪ್ರಾಣಕ್ಕೆ ಸಂಚಕಾರ ಬರುವುದು ಹೀಗೆ.

ಅನುಭವಸ್ಥರು ಸ್ನೋಷೂ ಕಾಲಲ್ಲಿರುವಾಗಲೇ ಸುತ್ತಲ ಹಿಮವನ್ನು ತುಳಿದು ಪುಟ್ಟ ಜಗಲಿ ಮಾಡಿಕೊಂಡು ಕೆಲವು ನಿಮಿಷ ಕಾಯುತ್ತಾರೆ. ಕಾಯುವುದೇಕೆ? ತುಳಿತಕ್ಕೆ ಮುರಿದ ಹಿಮದ ಹರಳುಗಳು ಒತ್ತೊತ್ತಾಗಿ ಸೇರಿ, ತಾಗಿದ ಕಡೆಗಳಲ್ಲಿ ಬೆಸೆದುಕೊಳ್ಳುತ್ತವೆ. ನೆಲ ಗಟ್ಟಿಯಾಗುತ್ತದೆ. ಆಮೇಲೆ ಬೆನ್ನುಚೀಲದ ಮೇಲೆ ಕುಳಿತು ಒಂದೇ ಕಾಲಿನದನ್ನು ಬಿಚ್ಚುತ್ತಾರೆ. ತುಸು ತಂತಿ, ನೈಲಾನ್ ಹಗ್ಗ, ಊರುಗೋಲಿಗೆ ಸುತ್ತಿಟ್ಟ ಗಟ್ಟಿ ಟೇಪು ಇದ್ದರೆ ಹೆಚ್ಚಿನ ರಿಪೇರಿ ಮುಗಿಯುತ್ತದೆ. ಬರಿಗೈಯಲ್ಲಿ ಲೋಹ ಮುಟ್ಟುವಂತಿಲ್ಲ. ಚರ್ಮದ ತೇವ ಹೆಪ್ಪುಗಟ್ಟಿ ಬೆರಳು ಅಂಟಿಕೊಂಡೀತು.

ಬಿಸಿಲೇರಿದಾಗ ಕಾಟ ಬೇರೆ. ಸೊನ್ನೆ ಡಿಗ್ರಿಯ ಆಸುಪಾಸಿನ ಹಸಿ ಹಿಮ ಅಡಿಯ ಲೋಹದ ಹಲ್ಲುಗಳಿಗೆ ಮೆತ್ತಿ ಉಂಡೆ ಕಟ್ಟುತ್ತದೆ. ಹಲ್ಲಿಗೆ ಹಿಡಿತ ತಪ್ಪಿ ಪಾದ ಹೊರಳುತ್ತದೆ. ಆಗಾಗ ಕೋಲಿನಿಂದ ತಟ್ಟಿ ಉದುರಿಸುವುದೊಂದೇ ದಾರಿ. ಹಿಂದಕ್ಕೆ ಹೆಜ್ಜೆಯಿಡುವ ಗೊಡವೆಯಂತೂ ಬೇಡ. ಬಾಲ ಹಿಮಕ್ಕೆ ಚುಚ್ಚಿಕೊಂಡು ಬೀಳಿಸುತ್ತದೆ. ಅರ್ಧಚಂದ್ರಾಕಾರದಲ್ಲಿ ಸುತ್ತಿ ತಿರುಗಬೇಕು. ದಟ್ಟ ಕೊಂಬೆಗಳ ಸೂಚಿಪರ್ಣ ಮರಗಳ ಬುಡಕ್ಕೂ ಹೋಗಬಾರದು. ಅಲ್ಲಿ ಹಿಮ ಪೊಳ್ಳಾಗಿದ್ದು, ಬಿದ್ದವನನ್ನು ನುಂಗಬಲ್ಲದು.

ಸ್ನೋಷೂ ಸರಿಯಿದ್ದರೂ ಕಾಲು ಸೋಲಬಹುದು. ಭಾರವಾದ ಪಾದುಕೆಯನ್ನು ಸಾವಿರಾರು ಸಲ ಎತ್ತಿ ಪಾದದ ಕೀಲು, ಸ್ನಾಯುಗಳು ಊದಿಕೊಳ್ಳುವ ನೋವನ್ನು ಫ್ರೆಂಚ್ ತುಪ್ಪಳ ವ್ಯಾಪಾರದವರು ‘ಮಾಲ್ ದ ರಾಕೆಟ್’ ಎನ್ನುತ್ತಿದ್ದರು. 1820ರ ಜನವರಿಯಿಂದ ಮಾರ್ಚ್‌ವರೆಗೆ ಕಂಬರ್ಲೆಂಡ್ ಹೌಸ್‌ನಿಂದ ಫೋರ್ಟ್ ಚಿಪೆವಾಯನ್‌ಗೆ ಪಯಣಿಸಿದ ಇಂಗ್ಲಿಷ್ ಅನ್ವೇಷಕ ಜಾನ್ ಫ್ರಾಂಕ್ಲಿನ್ ಈ ಯಾತನೆಯನ್ನು ಬರೆದಿಟ್ಟಿದ್ದಾನೆ. ಮುಂದೆ ನಡೆದು ದಾರಿ ತುಳಿಯುವವನಿಗೇ ಶ್ರಮ ಹೆಚ್ಚು. ಆದ್ದರಿಂದ ಜಾಣ ತಂಡದಲ್ಲಿ ಎಲ್ಲರೂ ಸರದಿಯಂತೆ ಮುಂದಾಗುತ್ತಾರೆ.

ಪಾದುಕೆ ಪೂರಾ ಮುರಿದರೆ ಎಲೆ ತುಂಬಿದ ಸ್ಪ್ರೂಸ್ ಕೊಂಬೆಗಳನ್ನು ಬೂಟಿನಡಿ ಕಟ್ಟಿಕೊಂಡು, ಬಂದ ಜಾಡಿನಲ್ಲೇ ಹಿಂತಿರುಗುವುದು ಲೇಸು. ಹೋಗುವಾಗ ತುಳಿದ ಹಿಮ ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ.