ಕಮಿಷನ್ ಎಷ್ಟೆಂದು ಗೇಮ್ ಮಾಡಿದವರೇ ಹೇಳುವ ಅಂಗಡಿ

ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ದೊಡ್ಡ ಆನ್‌ಲೈನ್ ಮಳಿಗೆ ಸ್ಟೀಮ್, ಮಾರಾಟದ ಪ್ರತಿ 100 ರೂಪಾಯಿಯಲ್ಲಿ 30 ರೂಪಾಯಿ ತಾನಿಟ್ಟುಕೊಳ್ಳುತ್ತದೆ. ಕೋಟ್ಯಂತರ ಡಾಲರ್ ಗಳಿಸುವ ಗೇಮ್‌ಗಳಿಗೆ 2018ರಿಂದ ಅದರಲ್ಲಿ ರಿಯಾಯಿತಿ ಇದೆ. ಮನೆಯಲ್ಲಿ ಒಬ್ಬರೇ ಕೂತು ಗೇಮ್ ಮಾಡುವವರಿಗೆ ಅದು ಸಿಗುವುದು ಅಪರೂಪ. ಸಾಲದ್ದಕ್ಕೆ, ಒಂದೊಂದು ಗೇಮ್ ಸೇರಿಸುವಾಗಲೂ ಮೊದಲು 100 ಡಾಲರ್ ಕಟ್ಟಬೇಕು. ಇಚ್.ಐಓ ಎಂಬ ಮಳಿಗೆಯಲ್ಲಿ ಹೀಗೆ ಮೊದಲೇ ಕಟ್ಟಬೇಕಾದ ಹಣವಿಲ್ಲ. ಅಂಗಡಿಗೆ ಎಷ್ಟು ಪಾಲು ಸಲ್ಲಬೇಕೆಂದು ಗೇಮ್ ಮಾಡಿದವರೇ ತೀರ್ಮಾನಿಸುತ್ತಾರೆ. ಖಾತೆಯಲ್ಲಿ ಶೇ 10 ಎಂದು ಮೊದಲೇ ನಮೂದಾಗಿರುತ್ತದೆ. ಬೇಕಿದ್ದವರು ಏರಿಸಬಹುದು, ಬೇಡದವರು ಸೊನ್ನೆಗೆ ಇಳಿಸಬಹುದು. ಸೊನ್ನೆ ಇಟ್ಟವರ ಗೇಮ್ ಕೂಡ ಅದೇ ಅಂಗಡಿಯಲ್ಲೇ ಮಾರಾಟವಾಗುತ್ತದೆ.

ಈ ಅಂಗಡಿಯನ್ನು 2013ರ ಮಾರ್ಚ್‌ನಲ್ಲಿ ತೆರೆದವರು ಅಮೆರಿಕದ ಲೀಫ್ ಕಾರ್ಕೊರನ್. ಮೂಲತಃ ಪ್ರೋಗ್ರಾಮರ್. ಮೂನ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಲ್ಯಾಪಿಸ್ ಎಂಬ ವೆಬ್ ಚೌಕಟ್ಟನ್ನೂ ತಾವೇ ಬರೆದು, ಅವುಗಳ ಮೇಲೆಯೇ ಅಂಗಡಿಯನ್ನು ನಿಲ್ಲಿಸಿದರು. ಎರಡನ್ನೂ ಯಾರು ಬೇಕಾದರೂ ಬಳಸಲು ಮುಕ್ತವಾಗಿ ಬಿಟ್ಟಿದ್ದಾರೆ. ಪಾಲು ಹೇಳುವ ಹಕ್ಕನ್ನು ಮಾರುವವರ ಕೈಗೆ ಕೊಟ್ಟದ್ದು 2015ರಲ್ಲಿ. ಹೀಗೆ ಮಾಡಿದರೆ ಎಲ್ಲರೂ ಸೊನ್ನೆ ಇಟ್ಟು ಅಂಗಡಿ ಮುಳುಗುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಹತ್ತು ವರ್ಷ ದಾಟಿದರೂ ಪದ್ಧತಿ ಬದಲಾಗಿಲ್ಲ, ಅಂಗಡಿಯೂ ಮುಚ್ಚಿಲ್ಲ. ನಂಬಿಕೆಯ ಮೇಲೆ ನಡೆಯುವ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೊಳ್ಳುವವರಿಗೂ ಇಲ್ಲಿ ಅಂಥದ್ದೇ ಸಲುಗೆ. ಬೆಲೆ ಸೊನ್ನೆ ಎಂದಿರುವ ಗೇಮ್‌ನ ಡೌನ್‌ಲೋಡ್ ಗುಂಡಿ ಒತ್ತಿದರೆ ಮೊದಲು ಒಂದು ಚಿಕ್ಕ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಇಷ್ಟವಿದ್ದರೆ ಏನಾದರೂ ಕೊಡಿ ಎಂದು ಕೇಳುತ್ತದೆ. ಅದರಲ್ಲೇ, ಬೇಡ, ನೇರವಾಗಿ ಡೌನ್‌ಲೋಡ್‌ಗೆ ಕರೆದೊಯ್ಯಿ ಎಂಬ ಸಾಲೂ ಇದೆ. ಬೆಲೆ ಇಟ್ಟ ಗೇಮ್‌ಗಾದರೆ ಅದು ಕನಿಷ್ಠ ಬೆಲೆ ಮಾತ್ರ. ಮೆಚ್ಚಿದವರು ಅದಕ್ಕಿಂತ ಹೆಚ್ಚು ಕೊಡಬಹುದು.

ಗೇಮ್ ಮಾಡುವವರ ಕಡೆಯ ಕೆಲಸವೂ ಅಷ್ಟೇ ಸರಳ. ಒಂದು ಪುಟ ತೆರೆದು, ನಾಲ್ಕು ಚಿತ್ರ ಹಾಕಿ, ಗೇಮ್‌ನ ಕಡತಗಳನ್ನು ಜಿಪ್ ಮಾಡಿ ಏರಿಸಿದರೆ ಮುಗಿಯಿತು. ಬ್ರೌಸರ್‌ನಲ್ಲೇ ನಡೆಯುವ ಗೇಮ್ ಆದರೆ ಆಡುವವರು ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಆಗಾಗ ತಿದ್ದುಪಡಿ ಮಾಡುವವರಿಗಾಗಿ ಬಟ್ಲರ್ ಎಂಬ ಸಲಕರಣೆ ಇದೆ. ಹಳೆಯ ಆವೃತ್ತಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಗುರುತಿಸಿ ಅದು ಏರಿಸುತ್ತದೆ. ಇಂಟರ್‌ನೆಟ್ ನಿಧಾನವಿರುವ ಊರಿನಲ್ಲಿ ಕೂತವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇಲ್ಲಿಗೆ ಗೇಮ್‌ಗಳು ರಾಶಿರಾಶಿಯಾಗಿ ಬರುವುದು ಜ್ಯಾಮ್‌ಗಳಿಂದ. ಒಂದು ವಿಷಯ ಕೊಟ್ಟು, ಕೆಲವೇ ದಿನಗಳೊಳಗೆ ಗೇಮ್ ಮಾಡಿ ತನ್ನಿ ಎನ್ನುವ ಕೂಟವೇ ಜ್ಯಾಮ್. ವಿಯೆಟ್ನಾಮಿನ ಡಾಂಗ್ ನುಯೆನ್ 2014ರ ಫೆಬ್ರುವರಿಯಲ್ಲಿ ತಮ್ಮ ಫ್ಲ್ಯಾಪಿ ಬರ್ಡ್ ಗೇಮನ್ನು ಮೊಬೈಲ್ ಮಳಿಗೆಗಳಿಂದ ಹಿಂತೆಗೆದಾಗ, ಅವರಿಗೆ ಬೆಂಬಲವಾಗಿ ಫ್ಲ್ಯಾಪಿ ಜ್ಯಾಮ್ ನಡೆದದ್ದು ಇದೇ ಅಂಗಡಿಯಲ್ಲಿ. ಅದಕ್ಕೆ ನೂರಾರು ಗೇಮ್‌ಗಳು ಬಂದವು. ಇಂಥ ಅವಸರದ ಕೆಲಸದಲ್ಲಿ ಹೆಚ್ಚಿನವು ಅರೆಬರೆ, ನಿಜ. ಆದರೆ ಮ್ಯಾಡಿ ಥೋರ್ಸನ್ ಮತ್ತು ನೋಯೆಲ್ ಬೆರ್ರಿ ನಾಲ್ಕೇ ದಿನಗಳಲ್ಲಿ ಮಾಡಿದ, ಬೆಟ್ಟ ಹತ್ತುವ ಪುಟ್ಟ ಗೇಮ್ ಮುಂದೆ ಬೆಳೆದು 2018ರಲ್ಲಿ ಸೆಲೆಸ್ಟ್ ಆಗಿ ಹೊರಬಂತು. ಹತ್ತು ಹದಿನೈದು ಲಕ್ಷ ಖರ್ಚು ಮಾಡುವ ಮುನ್ನ ಒಂದು ಯೋಚನೆಗೆ ಜೀವವಿದೆಯೇ ಎಂದು ನೋಡಲು ಬಿಡುವ ಜಾಗ ಬೇಕು. ಆ ಮೊದಲ ನಾಲ್ಕು ದಿನದ ಗೇಮ್ ಈಗಲೂ ಇಚ್‌ನಲ್ಲಿ ಉಚಿತವಾಗಿ ಆಡಲು ಸಿಗುತ್ತದೆ.

ಇನ್ನು ಗಲ್ಲಾಪೆಟ್ಟಿಗೆಯ ಲೆಕ್ಕ. ನಿಜವಾದ ತೊಡಕು ಇರುವುದು ಇಲ್ಲಿ. ಅಮೆರಿಕದಲ್ಲಿ ಕಾರ್ಡ್ ಪಾವತಿಗೆ ಸಾಮಾನ್ಯವಾಗಿ ಶೇ 3ರ ಆಸುಪಾಸು, ಅದರ ಮೇಲೆ ಪ್ರತಿ ವಹಿವಾಟಿಗೆ 30 ಸೆಂಟ್ ಹಿಡಿಯುತ್ತಾರೆ. ಒಂದು ಡಾಲರ್‌ನ ಗೇಮ್ ಮಾರಿದರೆ ಮೂರರಲ್ಲೊಂದು ಭಾಗ ಅಲ್ಲೇ ಹೋಯಿತು. ಅಂಗಡಿ ಸೊನ್ನೆ ತೆಗೆದುಕೊಂಡರೂ ಈ ಕಡಿತ ತಪ್ಪುವುದಿಲ್ಲ. ಯುರೋಪಿನ ಗಿರಾಕಿಗೆ ಮಾರಿದರೆ, 2015ರ ನಿಯಮದಂತೆ ಆ ಗಿರಾಕಿ ಇರುವ ದೇಶದ ದರದಲ್ಲಿ ವ್ಯಾಟ್ ಸಲ್ಲಿಸಬೇಕು. ಒಬ್ಬ ವಿದ್ಯಾರ್ಥಿ ಇಷ್ಟನ್ನೂ ನಿಭಾಯಿಸುವುದು ಆಗದ ಮಾತು. ಅದಕ್ಕೇ ಅಂಗಡಿ ಎರಡು ದಾರಿ ಇಟ್ಟಿದೆ. ಹಣ ನೇರವಾಗಿ ನಿಮ್ಮ ಖಾತೆಗೆ ಬರಲಿ, ತೆರಿಗೆ ನಿಮ್ಮ ಹೊಣೆ ಎಂಬುದು ಒಂದು. ಅಂಗಡಿಯೇ ಹಣ ಪಡೆದು, ತೆರಿಗೆ ಮುರಿದುಕೊಂಡು, ಆಮೇಲೆ ಕೊಡಲಿ ಎಂಬುದು ಇನ್ನೊಂದು.

ಪ್ರತಿ ವಹಿವಾಟಿಗೂ 30 ಸೆಂಟ್ ಎಂದಾದರೆ ಹಲವು ಗೇಮ್‌ಗಳನ್ನು ಒಂದೇ ಕಟ್ಟಿನಲ್ಲಿ ಕೊಡುವುದು ಲಾಭ. ಈ ಕಟ್ಟಿನ ಶಕ್ತಿ ಕಂಡದ್ದು 2020ರ ಜೂನ್‌ನಲ್ಲಿ. ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ನಡೆದ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯ ಬಳಿಕ ಜನಾಂಗೀಯ ನ್ಯಾಯಕ್ಕಾಗಿ ಅಂಗಡಿ ಒಂದು ಕಟ್ಟು ಹೊರಡಿಸಿತು. ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಕೃತಿಗಳನ್ನು ಬಿಟ್ಟುಕೊಟ್ಟರು. ಕೊನೆಗೆ ಅದರಲ್ಲಿದ್ದವು 1,741 ಕೃತಿಗಳು, ಕನಿಷ್ಠ ಬೆಲೆ 5 ಡಾಲರ್. ಎಂಟು ಲಕ್ಷಕ್ಕೂ ಹೆಚ್ಚು ಜನ ಕೊಂಡರು, 80 ಲಕ್ಷ ಡಾಲರ್‌ಗೂ ಮಿಗಿಲಾದ ಹಣ ಕೂಡಿತು. ಅಂಗಡಿಯೂ ಪಾಲು ಇಟ್ಟುಕೊಳ್ಳಲಿಲ್ಲ, ಗೇಮ್ ಮಾಡಿದವರೂ ಇಟ್ಟುಕೊಳ್ಳಲಿಲ್ಲ. ಎರಡು ವರ್ಷದ ನಂತರ ಉಕ್ರೇನ್‌ಗಾಗಿಯೂ ಇಂಥದ್ದೇ ಒಂದು ಕಟ್ಟು ಬಂತು.

ಇಷ್ಟೆಲ್ಲ ಸ್ವಾತಂತ್ರ್ಯ ಕೊಡುವ ಅಂಗಡಿಗೆ ಸ್ವಂತ ನೆಲವಿಲ್ಲ. 2024ರ ಡಿಸೆಂಬರ್ 9ರಂದು ಇಡೀ ತಾಣ ಕೆಲವು ಗಂಟೆ ಕಾಣದಾಯಿತು. ಫಂಕೊ ಎಂಬ ಆಟಿಕೆ ಕಂಪನಿಯ ಪರವಾಗಿ ಬ್ರ್ಯಾಂಡ್‌ಶೀಲ್ಡ್ ಎಂಬ ಬ್ರ್ಯಾಂಡ್ ರಕ್ಷಣಾ ಸಂಸ್ಥೆ ಒಂದು ಪುಟದ ಬಗ್ಗೆ ದೂರು ಕೊಟ್ಟಿತ್ತು. ಆ ಪುಟವನ್ನು ತೆಗೆದ ಮೇಲೂ ಡೊಮೈನ್ ನೋಂದಣಿ ಸಂಸ್ಥೆ ವಿಳಾಸವನ್ನೇ ಸ್ಥಗಿತಗೊಳಿಸಿತು. 2025ರ ಜುಲೈನಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಸಂಘಟನೆ, ಲೈಂಗಿಕ ಹಿಂಸೆಯ ಗೇಮ್‌ಗಳು ಇಲ್ಲಿವೆ ಎಂದು ಪಾವತಿ ಕಂಪನಿಗಳಿಗೆ ದೂರು ಕೊಟ್ಟಿತು. ಆ ಕಂಪನಿಗಳ ಒತ್ತಡಕ್ಕೆ ಅಂಗಡಿ, ವಯಸ್ಕರ ವಿಷಯವೆಂದು ಗುರುತಿಸಿದ್ದ ಪುಟಗಳನ್ನೆಲ್ಲ ಮುನ್ಸೂಚನೆಯಿಲ್ಲದೆ ಹುಡುಕಾಟದಿಂದ ಮರೆಮಾಡಿತು. ಅಂಥ ಹಿಂಸೆಯನ್ನು ವೈಭವೀಕರಿಸುವ ಗೇಮ್‌ಗಳನ್ನು ತೆಗೆಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತಮ್ಮ ಬದುಕಿನ ನೋವನ್ನು ಗೇಮ್ ಆಗಿಸಿದವರ ಕೃತಿಗಳೂ ಅದೇ ಏಟಿಗೆ ಮರೆಯಾದದ್ದು ಅನ್ಯಾಯ. ಏನು ಮಾರಬಹುದೆಂದು ಹೇಳುವ ಅಧಿಕಾರ ಕಾರ್ಡ್ ಕಂಪನಿಗಳಿಗೆ ಹೋಗಬಾರದು. ಕಾನೂನು ಮತ್ತು ಅಂಗಡಿಯ ನಿಯಮ ಅದನ್ನು ನೋಡಿಕೊಳ್ಳಲಿ. ಬೆಲೆಯಿಲ್ಲದ ಪುಟಗಳು ಕೆಲವೇ ದಿನಗಳಲ್ಲಿ ಹುಡುಕಾಟಕ್ಕೆ ಮರಳಿದವು. ಹಣಕ್ಕೆ ಮಾರುವ ಪುಟಗಳಿಗೆ ಆಗ ಆ ಅವಕಾಶ ಸಿಗಲಿಲ್ಲ.

ಕನ್ನಡದಲ್ಲಿ ಗೇಮ್ ಮಾಡಬೇಕೆನ್ನುವವರಿಗೆ ಅಂಗಡಿಯ ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು, ಅಡ್ಡಿಯಿದ್ದದ್ದು ಗೇಮ್ ಮಾಡುವ ತಂತ್ರಾಂಶಗಳಲ್ಲಿ. ಉಚಿತವಾಗಿ ಸಿಗುವ ಗೊಡಾಟ್‌ನ ಹಳೆಯ ಆವೃತ್ತಿಗಳಲ್ಲಿ ಕನ್ನಡ ಬರೆದರೆ ಒತ್ತಕ್ಷರ ಬಿಡಿಯಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡಾಟ್ 4 ಭಾರತೀಯ ಲಿಪಿಗಳ ಜೋಡಣೆಯನ್ನು ಸರಿಯಾಗಿ ಮಾಡುತ್ತದೆ, ಬ್ರೌಸರ್‌ನಲ್ಲಿ ನಡೆಯುವಂತೆ ಗೇಮನ್ನು ಹೊರತೆಗೆದೂ ಕೊಡುತ್ತದೆ. ಕನ್ನಡ ಫಾಂಟ್ ಒಂದನ್ನು ಗೇಮ್‌ನೊಳಗೇ ಸೇರಿಸಿ, ಜಿಪ್ ಮಾಡಿ, ಇಚ್‌ಗೆ ಏರಿಸಿದರೆ ಧಾರವಾಡದಲ್ಲಿ ಮಾಡಿದ ಗೇಮನ್ನು ನ್ಯೂಜೆರ್ಸಿಯ ಕನ್ನಡಿಗರ ಮಕ್ಕಳು ಆ ಸಂಜೆಯೇ ಆಡಬಹುದು.