ಮಲ್ಲೇಶ್ವರ: ಪ್ಲೇಗಿನ ಭೀತಿಯಲ್ಲಿ ರೂಪುಗೊಂಡ ಬಡಾವಣೆ

ಬೆಂಗಳೂರಿನ ಹಳೆಯ ಬಡಾವಣೆಗಳ ಮಾತು ಬಂದಾಗ ಮಲ್ಲೇಶ್ವರದ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತದೆ. ಸಂಪಿಗೆ ರಸ್ತೆಯ ಹೂವು-ಹಣ್ಣಿನ ಅಂಗಡಿಗಳು, ಎಂಟನೇ ಅಡ್ಡರಸ್ತೆಯ ಹಬ್ಬದ ಜನಜಂಗುಳಿ, ಬೆಣ್ಣೆ ಮಸಾಲೆ ದೋಸೆಗಾಗಿ ಕಾದು ನಿಲ್ಲುವ ಸಾಲು ಇವೆಲ್ಲ ಸರ್ವವಿದಿತ. ಆದರೆ ಈ ಬಡಾವಣೆಯ ವಿನ್ಯಾಸದ ಹಿಂದೆ ಒಂದು ಮಹಾಮಾರಿಯ ನೆನಪಿದೆ ಎಂಬುದನ್ನು ಅರಿತವರು ಕಡಿಮೆ.

ಮಲ್ಲೇಶ್ವರ ಎಂಬ ಹೆಸರು ಕಾಡು ಮಲ್ಲೇಶ್ವರ ದೇವಾಲಯದಿಂದ ಬಂದದ್ದು. ಶಿವಾಜಿಯ ಮಲಸಹೋದರ ಏಕೋಜಿಯು ಮಲ್ಲಪುರದ ಈ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ನೀಡಿದ ಸಂಗತಿಯನ್ನು 1669ರ ಶಾಸನ ತಿಳಿಸುತ್ತದೆ. ದೇವಾಲಯದ ಎದುರಿಗಿರುವ ನಂದಿತೀರ್ಥ ಕಲ್ಯಾಣಿಯು ಮಣ್ಣಿನಡಿಯಿಂದ ಬೆಳಕಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಸಾವು-ನೋವು ಹೆಚ್ಚಿದಾಗ, ಗಾಳಿ-ಬೆಳಕಿಗೆ ಎಡೆಯಿರುವ ವಸತಿಯ ಅಗತ್ಯ ಮನವರಿಕೆಯಾಯಿತು. ಪೇಟೆಯ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ರೂಪುಗೊಂಡವು. ನೇರವಾದ ರಸ್ತೆಗಳು, ಸಂಖ್ಯೆಯಿಂದ ಗುರುತಿಸಲಾಗುವ ಅಡ್ಡರಸ್ತೆಗಳು, ಸುತ್ತ ಬಯಲುಳ್ಳ ನಿವೇಶನಗಳು ಇದರ ಲಕ್ಷಣಗಳಾದವು.

ಮನೆಗಳ ಹಿತ್ತಿಲುಗಳ ನಡುವೆ ಬಿಟ್ಟ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು ಇಲ್ಲಿನ ಇನ್ನೊಂದು ವಿಶೇಷ. ಒಳಚರಂಡಿ ಬರುವ ಮುನ್ನ ಶೌಚಗುಂಡಿಗಳನ್ನು ಬರಿದು ಮಾಡುವವರು ಬಂದುಹೋಗಲು ಇವು ಮೀಸಲಾಗಿದ್ದವು. ಬಡಾವಣೆಯ ನೈರ್ಮಲ್ಯದ ಭಾರ ಹೊತ್ತವರು ಮುಂಬಾಗಿಲಿಗೆ ಬರುವಂತಿರಲಿಲ್ಲ ಎಂಬ ಕಟುಸತ್ಯಕ್ಕೂ ಈ ಗಲ್ಲಿಗಳೇ ಸಾಕ್ಷಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು.

ಮೂಲ ಉದ್ದೇಶ ಮುಗಿದ ಮೇಲೆ ಅನೇಕ ಗಲ್ಲಿಗಳು ಕಸದ ತಾಣಗಳಾದವು, ಕೆಲವು ಒತ್ತುವರಿಗೂ ಒಳಗಾದವು. ಇತ್ತೀಚಿನ ವರ್ಷಗಳಲ್ಲಿ ಕೆಲವನ್ನು ಶುಚಿಗೊಳಿಸಿ ಪಾದಚಾರಿಗಳ ಹಾದಿಯಾಗಿ ಮಾರ್ಪಡಿಸಲಾಗಿದೆ. ವಾಹನದಟ್ಟಣೆಯ ನಗರದಲ್ಲಿ ವೃದ್ಧರೂ ಮಕ್ಕಳೂ ನಿರ್ಭಯವಾಗಿ ನಡೆಯಬಲ್ಲ ಇಂಥ ಹಾದಿಗಳ ಬೆಲೆ ಸಣ್ಣದಲ್ಲ.

2014ರಲ್ಲಿ ಮೆಟ್ರೊ ರೈಲು ಸಂಪಿಗೆ ರಸ್ತೆಗೆ ಬಂದಿತು. ಅಂಗಳವಿದ್ದ ಹೆಂಚಿನ ಮನೆಗಳ ಸ್ಥಳದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಭೂಮಿಯ ಬೆಲೆ ಏರಿದಂತೆ ಹಳೆಯ ಮನೆಯನ್ನು ಉಳಿಸಿಕೊಳ್ಳುವುದು ವಾರಸುದಾರರಿಗೆ ಸುಲಭವಲ್ಲ. ಅವರನ್ನಷ್ಟೇ ದೂರಿ ಫಲವಿಲ್ಲ. ಆದರೆ ಮರ, ಕಲ್ಯಾಣಿ, ಗಲ್ಲಿಗಳು ಯಾರೊಬ್ಬರ ಸ್ವತ್ತೂ ಅಲ್ಲ. ಗಾಳಿ-ಬೆಳಕಿಗಾಗಿಯೇ ಹುಟ್ಟಿದ ಬಡಾವಣೆಯಲ್ಲಿ ಅವುಗಳನ್ನಾದರೂ ಉಳಿಸಿಕೊಳ್ಳುವುದು ಆಡಳಿತ ಮತ್ತು ನಾಗರಿಕರಿಬ್ಬರ ಹೊಣೆಯಾಗಿದೆ.